"ಇಲ್ಲಿ ಕ್ಲಿಕ್ ಮಾಡಿ" ಅಂದ್ರೆ ಎಲ್ಲಿ?

ನಮ್ಮ ಕಚೇರಿಯ ದಾಖಲೆ ನೋಡಿದರೆ ನಾನು ಬಹಳ ಕಲಿತವನು. ಮಾಹಿತಿ ಸುರಕ್ಷತೆ, ಅಗ್ನಿ ಸುರಕ್ಷತೆ, ಹೊಸ ಲೆಕ್ಕಪತ್ರ ಸಾಫ್ಟ್‌ವೇರ್, ಕಂಪ್ಯೂಟರಿನಲ್ಲೇ ಮುಗಿಸಬೇಕಾದ ಹಳೇ ಕಡ್ಡಾಯ ಕೋರ್ಸುಗಳೆಲ್ಲದರ ಮುಂದೆಯೂ ನೂರಕ್ಕೆ ನೂರು ಅಂತ ಇದೆ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೋರ್ಸುಗಳಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ. ನನಗೆ ಕಣ್ಣು ಕಾಣುವುದಿಲ್ಲ, ಆ ಕೋರ್ಸುಗಳಿಗೆ ಬಾಯಿಲ್ಲ. ಕೊನೆಯ ದಿನಾಂಕ ಹತ್ತಿರ ಬಂದಾಗ ಪಕ್ಕದ ಸೀಟಿನವರು ಯಾರಾದರೂ ಎದ್ದು ಬರುತ್ತಾರೆ. "ಬಿಡಿ ಸರ್, ನಾನೇ ಮುಗಿಸಿಕೊಡ್ತೀನಿ" ಅಂತ ಮೌಸ್ ಹಿಡಿದು ಟಕಟಕ ಒತ್ತಿ ಮುಗಿಸಿಬಿಡುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ. ಸರ್ಟಿಫಿಕೇಟ್ ನನ್ನ ಹೆಸರಿನಲ್ಲಿ ಬರುತ್ತದೆ.

ನಾನು ಬಳಸುವ ಸ್ಕ್ರೀನ್ ರೀಡರ್ ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕಲ್ ಕರನ್ ಅವರು 2006ರಲ್ಲಿ ಬರೆಯಲು ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣುವುದಿಲ್ಲ. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಪರದೆಯ ಮೇಲೆ ಇರುವುದನ್ನು ಅದು ಓದಿ ಹೇಳುತ್ತದೆ, ನಾನು ಕೀಬೋರ್ಡಿನಲ್ಲೇ ಓಡಾಡಿಕೊಂಡು ಕೆಲಸ ಮಾಡುತ್ತೇನೆ. ಆದರೆ ಅದು ಓದಬೇಕು ಅಂದರೆ ಪುಟ ಮಾಡಿದವರು ಪ್ರತಿ ಬಟನ್‌ಗೂ ಒಂದು ಹೆಸರು ಕೊಟ್ಟಿರಬೇಕು. ನಮ್ಮ ಕೋರ್ಸುಗಳಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ಕೇಳಿಸುವುದು ಇಷ್ಟೇ: "ಬಟನ್. ಬಟನ್. ಗ್ರಾಫಿಕ್. ಬಟನ್." ಯಾವುದು ಮುಂದಕ್ಕೆ, ಯಾವುದು ಹಿಂದಕ್ಕೆ ದೇವರೇ ಬಲ್ಲ. ಅಂದಾಜಿನಲ್ಲಿ ಒಂದನ್ನು ಒತ್ತಿದರೆ ಕೋರ್ಸು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇದನ್ನೆಲ್ಲ ದಾಟಿದರೆ ಕೊನೆಗೊಂದು ಪರೀಕ್ಷೆ. ಎಡಗಡೆಯ ಉತ್ತರಗಳನ್ನು ಎಳೆದುಕೊಂಡು ಹೋಗಿ ಬಲಗಡೆಯ ಚೌಕಗಳಲ್ಲಿ ಬಿಡಬೇಕಂತೆ. ಯಾವುದನ್ನು ಎಳೆಯಲಿ, ಎಲ್ಲಿ ಬಿಡಲಿ?

ಇದಕ್ಕೆ ನಿಯಮಗಳು ಇಲ್ಲ ಅಂತಲ್ಲ. ವೆಬ್ ಪುಟಗಳು ಎಲ್ಲರಿಗೂ ಬಳಕೆಗೆ ಬರುವಂತೆ ಹೇಗೆ ಮಾಡಬೇಕು ಅಂತ, ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂತ್ರೀಸಿ ಸಂಸ್ಥೆ 1999ರಿಂದಲೂ ಮಾರ್ಗಸೂಚಿ ಕೊಡುತ್ತಾ ಬಂದಿದೆ. ಕೀಬೋರ್ಡಿನಿಂದಲೇ ಎಲ್ಲ ಕೆಲಸ ಆಗಬೇಕು ಅನ್ನುವುದು ಅದರಲ್ಲಿ ಹಳೇ ಮಾತು. 2023ರ ಅಕ್ಟೋಬರಿನಲ್ಲಿ ಬಂದ 2.2 ಆವೃತ್ತಿಯಲ್ಲಿ ಇನ್ನೊಂದನ್ನು ಸೇರಿಸಿದರು: ಎಳೆದು ಬಿಡುವ ಕೆಲಸ ಏನೇ ಇದ್ದರೂ, ಎಳೆಯದೆ ಮಾಡುವ ದಾರಿಯೂ ಇರಬೇಕು. ಕೈ ನಡುಗುವವರಿಗೆ, ಒಂದೇ ಬೆರಳಿನಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಉಪಕಾರ. ಕೋರ್ಸು ಮಾಡಿಕೊಡುವ ಗುತ್ತಿಗೆದಾರರಿಗೆ ಇದೆಲ್ಲ ಗೊತ್ತಿರುತ್ತದೆ. ಟೆಂಡರಿನಲ್ಲಿ ಯಾರೂ ಕೇಳಿರುವುದಿಲ್ಲ, ಅಷ್ಟೇ.

ನೂರಕ್ಕೆ ನೂರು ಬಂದರೆ ನಷ್ಟ ಏನು ಅಂತೀರಾ? ಹೊಸ ಸಾಫ್ಟ್‌ವೇರ್ ಬಂದ ವರ್ಷ ನನ್ನ ವಾರ್ಷಿಕ ಮೌಲ್ಯಮಾಪನದಲ್ಲಿ ಒಂದು ಸಾಲು ಬಂತು: "ತರಬೇತಿ ಪಡೆದಿದ್ದರೂ ಹೊಸ ವ್ಯವಸ್ಥೆಗೆ ಹೊಂದಿಕೊಳ್ಳುವುದು ನಿಧಾನ." ಪಡೆದಿದ್ದರೂ! ಕೋರ್ಸು ಮುಗಿಸಿದ ದಾಖಲೆಯೇ ನನ್ನ ಮೇಲೆ ಸಾಕ್ಷಿ ಹೇಳಿತು. ಆಮೇಲೆ ನಾನು ಕಾಯ್ದೆ ಓದಲು ಕೂತೆ.

ಅಂಗವಿಕಲ ನೌಕರರಿಗೆ ಕಾನೂನಿನ ರಕ್ಷಣೆ ಅಂದ ತಕ್ಷಣ ಜನ ಮೀಸಲಾತಿ ಅಂತಾರೆ. ಅದು ತಪ್ಪೇನಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ ನೇಮಕಾತಿಯಲ್ಲಿ 4 ಪರ್ಸೆಂಟ್ ಮೀಸಲಿಟ್ಟಿದೆ, ನಾನು ಕೆಲಸಕ್ಕೆ ಸೇರಿದ್ದೂ ಮೀಸಲಾತಿಯಿಂದಲೇ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಹೊಸದರಲ್ಲಿ 21. ಆಟಿಸಂ, ಕಲಿಕಾ ನ್ಯೂನತೆ, ಆಸಿಡ್ ದಾಳಿಗೆ ಒಳಗಾದವರು, ಎಲ್ಲ ಸೇರಿದರು. ಪತ್ರಿಕೆಗಳಲ್ಲೂ ಈ ಅಂಕಿಗಳೇ ಬರುತ್ತವೆ. ಆದರೆ ಬಾಗಿಲು ದಾಟಿ ಒಳಗೆ ಬಂದವನಿಗೆ ಮುಂದಿನ ಮೂವತ್ತು ವರ್ಷ ಏನು ಕಲಿಸುತ್ತೀರಿ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಕಾನೂನು ಮಾತ್ರ ಕೇಳಿದೆ. ನನಗೆ ಆಶ್ಚರ್ಯ ಆಗಿದ್ದು ಅಲ್ಲೇ.

2017ರಲ್ಲಿ ಈ ಕಾಯ್ದೆಗೆ ನಿಯಮಗಳು ಬಂದವು. ಅದರ 8ನೇ ನಿಯಮ ಸಮಾನ ಅವಕಾಶ ನೀತಿಯ ಬಗ್ಗೆ. ಎಲ್ಲ ಸರ್ಕಾರಿ ಸಂಸ್ಥೆಗಳೂ, 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಸಂಸ್ಥೆಗಳೂ ಈ ನೀತಿಯಲ್ಲಿ ಏನೇನು ಬರೆದಿರಬೇಕು ಅಂತ ಅದು ಹೇಳುತ್ತದೆ. ಸೌಲಭ್ಯಗಳು, ಸಾಧನಗಳು, ವಿಶೇಷ ರಜೆ, ವರ್ಗಾವಣೆಯಲ್ಲಿ ಆದ್ಯತೆ, ಸಂಪರ್ಕಾಧಿಕಾರಿ. ಅದೇ ಪಟ್ಟಿಯ ನಡುವೆ ಇನ್ನೆರಡು ಇವೆ: ನೇಮಕಾತಿಯ ನಂತರದ ತರಬೇತಿ, ಬಡ್ತಿಗೆ ಮುಂಚಿನ ತರಬೇತಿ. ಸ್ಕ್ರೀನ್ ರೀಡರ್‌ಗೆ ಆ ಸಾಲನ್ನು ಮತ್ತೆ ಮತ್ತೆ ಓದಿಸಿದೆ.

ಆಮೇಲೆ ಕುತೂಹಲಕ್ಕೆ ಬೇರೆ ಕಡೆಯ ಕಾನೂನುಗಳನ್ನೂ ಹುಡುಕಿದೆ. ಅಂಗವಿಕಲರಿಗಾಗಿ ಅಮೆರಿಕ ಮಾಡಿದ 1990ರ ಎಡಿಎ ಕಾಯ್ದೆ, ತಾರತಮ್ಯ ಎಲ್ಲೆಲ್ಲಿ ಮಾಡಬಾರದು ಅಂತ ಪಟ್ಟಿ ಮಾಡುವಾಗ ಸಂಬಳ, ಬಡ್ತಿಯ ಜೊತೆಗೇ ಕೆಲಸದ ತರಬೇತಿಯನ್ನೂ ಹೆಸರಿಸುತ್ತದೆ. ಯುರೋಪಿಯನ್ ಒಕ್ಕೂಟದ 2000ದ ಉದ್ಯೋಗ ನಿರ್ದೇಶನದ 5ನೇ ವಿಧಿ ಇನ್ನೂ ನೇರ. ಅಂಗವಿಕಲರು ಕೆಲಸಕ್ಕೆ ಸೇರಲು, ಅದರಲ್ಲಿ ಮುಂದೆ ಬರಲು, ತರಬೇತಿ ಪಡೆಯಲು ಬೇಕಾದ ಹೊಂದಾಣಿಕೆಯನ್ನು, ಅಂದರೆ ಅವರಿಗೆ ತಕ್ಕಂತೆ ಕೆಲಸದ ರೀತಿ, ಸಾಧನ, ಜಾಗದಲ್ಲಿ ಬದಲಾವಣೆಯನ್ನು, ಮಾಲೀಕರು ಮಾಡಿಕೊಡಬೇಕು ಅನ್ನುತ್ತದೆ. ಜರ್ಮನಿಯಲ್ಲಂತೂ ತೀವ್ರ ವೈಕಲ್ಯ ಇರುವ ನೌಕರರಿಗೆ ಸಂಸ್ಥೆಯ ಒಳಗಿನ ತರಬೇತಿಗಳಲ್ಲಿ ಆದ್ಯತೆಯೇ ಇದೆ, ಅವರು ವೃತ್ತಿಯಲ್ಲಿ ಮೇಲೆ ಬರಲಿ ಅಂತ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 27ನೇ ವಿಧಿಯಲ್ಲಿ ಎಲ್ಲರಿಗೂ ಸಿಗುವ ವೃತ್ತಿ ತರಬೇತಿ, ಮುಂದುವರಿದ ತರಬೇತಿ ಅಂಗವಿಕಲರಿಗೂ ಸಿಗಬೇಕು ಎಂದಿದೆ. ಭಾರತ ಅದನ್ನು 2007ರಲ್ಲೇ ಒಪ್ಪಿಕೊಂಡಿದೆ. ಕಾನೂನು ಬರೆದವರು ಯಾರೂ ಇದನ್ನು ಮರೆತಿಲ್ಲ. ಮರೆತಿರುವುದು ತರಬೇತಿ ವಿಭಾಗದವರು.

ನಮ್ಮ ಕಾಯ್ದೆಯಲ್ಲಿ ಒಂದು ಸಡಿಲ ಜಾಗ ಇದೆ, ಹೇಳಿಬಿಡುತ್ತೇನೆ. ತಾರತಮ್ಯ ಮಾಡಬಾರದು, ಸೂಕ್ತ ಹೊಂದಾಣಿಕೆ ಕೊಡಬೇಕು, ವೈಕಲ್ಯದ ಒಂದೇ ಕಾರಣಕ್ಕೆ ಬಡ್ತಿ ತಪ್ಪಿಸಬಾರದು ಅಂತ 20ನೇ ಸೆಕ್ಷನ್ ಕಟ್ಟುನಿಟ್ಟಾಗಿ ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿಯವರನ್ನು ಹಿಡಿಯಬೇಕಾದರೆ ಅವರದೇ ಸಮಾನ ಅವಕಾಶ ನೀತಿಯನ್ನು ಮುಂದಿಡಬೇಕು. ಆ ನೀತಿಯನ್ನು ವೆಬ್‌ಸೈಟಿನಲ್ಲೋ ಕಚೇರಿಯಲ್ಲಿ ಎದ್ದು ಕಾಣುವ ಕಡೆಯೋ ಹಾಕಬೇಕು ಅಂತ ನಿಯಮವಿದೆ. ಎಷ್ಟು ಕಡೆ ಹಾಕಿದ್ದಾರೆ, ನೀವೇ ನೋಡಿ.

ತರಬೇತಿ ಅಂದರೆ ನಮ್ಮಂಥವರಿಗೆ ಬೇರೇನೋ ನೆನಪಾಗುತ್ತದೆ. ಹಿಂದೆ ಅಂಧರಿಗೆ ತರಬೇತಿ ಅಂದರೆ ಕುರ್ಚಿಗೆ ಬೆತ್ತ ಹೆಣೆಯುವುದು, ಮೇಣದಬತ್ತಿ ಮಾಡುವುದು, ಟೆಲಿಫೋನ್ ಬೋರ್ಡ್ ಮುಂದೆ ಕೂರುವುದು. ಬೋರ್ಡುಗಳು ಹೋದವು, ಪ್ಲಾಸ್ಟಿಕ್ ಕುರ್ಚಿಗಳು ಬಂದವು. ತರಬೇತಿ ಮಾತ್ರ ಎಷ್ಟೋ ವರ್ಷ ಹಾಗೇ ನಡೆಯಿತು. ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಇರುವವರ ಪಾಡು ಇನ್ನೂ ಕಷ್ಟ. ಅವರನ್ನು ಪ್ರತ್ಯೇಕ ಕಾರ್ಯಾಗಾರದಲ್ಲಿ ಕೂರಿಸಿ "ಕಲಿಯುತ್ತಿದ್ದಾರೆ" ಅಂತ ಜೀವನಪೂರ್ತಿ ಅಲ್ಲೇ ಇಟ್ಟಿದ್ದು ಎಷ್ಟೋ ದೇಶಗಳಲ್ಲಿ ಇದೆ. ಅಮೆರಿಕದಲ್ಲಿ 1938ರ ವೇತನ ಕಾನೂನಿನ 14(ಸಿ) ಸೆಕ್ಷನ್ ಪ್ರಕಾರ ಅಂಥವರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲೂ ಅನುಮತಿ ಪಡೆಯಬಹುದು. ರಕ್ಷಣೆ ಅನ್ನುವ ಹೆಸರಿನಲ್ಲೇ ಇದೂ ನಡೆದಿದ್ದು.

ಇದನ್ನು ಅಲ್ಲಾಡಿಸಿದವರಲ್ಲಿ ಒಬ್ಬರು ಮಾರ್ಕ್ ಗೋಲ್ಡ್. 1970ರ ದಶಕದ ಅಮೆರಿಕದವರು. ಏನೂ ಕಲಿಯಲಾರರು ಅಂತ ಜನ ಕೈಬಿಟ್ಟಿದ್ದವರಿಗೆ ಅವರು ಸೈಕಲ್ಲಿನ ಬ್ರೇಕ್ ಜೋಡಿಸುವುದನ್ನು ಕಲಿಸಿದರು. ಬಿಡಿಭಾಗಗಳು 15. ಪ್ರತಿಯೊಂದನ್ನೂ ಸರಿಯಾದ ಕ್ರಮದಲ್ಲಿ, ಸರಿಯಾದ ಕಡೆ ತಿರುಗಿಸಿ ಇಡಬೇಕು. ಅವರು ಮಾಡಿದ್ದು ಇಷ್ಟೇ: ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದರು, ಭಾಗಗಳನ್ನು ಸಾಲಾಗಿ ಜೋಡಿಸಿಟ್ಟರು, ಮಾತು ಕಡಿಮೆ ಮಾಡಿ ಕೈಯಲ್ಲಿ ತೋರಿಸಿದರು. ಕಲಿಯುವವನಿಗೆ ಬರಲಿಲ್ಲ ಅಂದರೆ ಕಲಿಸುವ ರೀತಿ ಬದಲಾಗಬೇಕು ಅನ್ನುವುದು ಅವರ ಪಟ್ಟು. ನನ್ನ ಮೌಲ್ಯಮಾಪನ ಬರೆದವರಿಗೆ ಇದನ್ನು ಯಾರಾದರೂ ಹೇಳಬಾರದೇ!

ಅದರ ಮುಂದುವರಿಕೆಯಾಗಿ 1980ರ ದಶಕದಲ್ಲಿ ಇನ್ನೊಂದು ಪದ್ಧತಿ ಬಂತು. ಮೊದಲು ನಿಜವಾದ ಕೆಲಸಕ್ಕೆ ಸೇರಿಸು, ಆಮೇಲೆ ಅದೇ ಜಾಗದಲ್ಲಿ, ಅದೇ ಯಂತ್ರದ ಮುಂದೆ ಕಲಿಸು. ಪಕ್ಕದಲ್ಲಿ ಒಬ್ಬ ಜಾಬ್ ಕೋಚ್ ಇರುತ್ತಾರೆ, ಕೆಲಸ ಕೈಹತ್ತಿದಂತೆ ಅವರು ದೂರ ಸರಿಯುತ್ತಾರೆ. ಅಮೆರಿಕ 1986ರಲ್ಲಿ ಇದನ್ನು ಕಾನೂನಿನಲ್ಲೇ ಸೇರಿಸಿತು. ನನಗೆ ಇದು ಸರಿ ಅನಿಸುತ್ತದೆ. ಯಾಕೆಂದರೆ ಎಲ್ಲೋ ಒಂದು ಕೇಂದ್ರದಲ್ಲಿ ತಿಂಗಳುಗಟ್ಟಲೆ ಕಂಪ್ಯೂಟರ್ ಕಲಿತು ಸರ್ಟಿಫಿಕೇಟ್ ಹಿಡಿದು ಅಲೆಯುವವರನ್ನು ನಾನು ಬಲ್ಲೆ. ಕೆಲಸಕ್ಕೆ ಸೇರಿಯೂ ಏನೂ ಕಲಿಸಿಕೊಳ್ಳದೆ ಕೂತವರನ್ನೂ ಬಲ್ಲೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗೆ.

ಇನ್ನು ತರಗತಿಯಲ್ಲಿ ಕೂರಿಸಿ ಕೊಡುವ ತರಬೇತಿ. ಪ್ರೊಜೆಕ್ಟರ್ ಹಾಕಿ ತರಬೇತುದಾರರು ಶುರು ಮಾಡುತ್ತಾರೆ. "ಇಲ್ಲಿ ಕ್ಲಿಕ್ ಮಾಡಿ, ಈಗ ಇದು ಓಪನ್ ಆಯ್ತಲ್ಲ, ಇದನ್ನ ಇಲ್ಲಿಗೆ ತನ್ನಿ, ಕೆಂಪಗಿರೋದೆಲ್ಲ ತಪ್ಪು." ಇಲ್ಲಿ ಅಂದ್ರೆ ಎಲ್ಲಿ? ಕೇಳಿದರೆ ತರಗತಿ ನಿಲ್ಲುತ್ತದೆ, ಎಲ್ಲರೂ ನನ್ನ ಕಡೆ ತಿರುಗಿದ್ದು ನನಗೆ ಗೊತ್ತಾಗುತ್ತದೆ. "ನಿಮಗೆ ಆಮೇಲೆ ಬೇರೆಯಾಗಿ ಹೇಳಿಕೊಡ್ತೀನಿ ಸರ್" ಅಂತಾರೆ. ಆ ಆಮೇಲೆ ಬರುವುದೇ ಇಲ್ಲ.

ಒಮ್ಮೆ ಮಾತ್ರ ಒಬ್ಬರು ತರಬೇತುದಾರರು ಬೇರೆ ರೀತಿ ಬಂದರು. ಸ್ಲೈಡುಗಳನ್ನು ಮೊದಲೇ ಕಳಿಸಿದ್ದರು, ಬರೀ ಚಿತ್ರಗಳಾಗಿ ಅಲ್ಲ, ಓದಿಸಿಕೊಳ್ಳಬಹುದಾದ ಪಠ್ಯವಾಗಿ. "ನಿನ್ನೆ ಮೌಸನ್ನು ಎತ್ತಿ ಡ್ರಾಯರ್‌ಗೆ ಹಾಕಿ ಇಡೀ ಪಾಠ ಕೀಬೋರ್ಡಿನಲ್ಲೇ ಮಾಡಿ ನೋಡಿದೆ" ಅಂದರು. ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕುವ ಪಾಠ ಬಂತು. ತಲೆಬರಹದ ಸಾಲಿಗೆ ಹೋಗಿ, ಕಂಟ್ರೋಲ್ ಶಿಫ್ಟ್ ಎಲ್. ಅದೇ ಕಾಲಮಿನ ಮೇಲೆ ನಿಂತು ಆಲ್ಟ್ ಮತ್ತು ಕೆಳಬಾಣ. ಮೆನು ತೆರೆಯಿತು. ನನ್ನ ಕಿವಿಯಲ್ಲಿ ಎನ್‌ವಿಡಿಎ ಒಂದೊಂದೇ ಆಯ್ಕೆ ಓದಿತು, ಬಾಕಿ ಇರುವ ಬಿಲ್ಲುಗಳನ್ನು ಮಾತ್ರ ಉಳಿಸಿಕೊಂಡೆ. ತರಗತಿಯ ಉಳಿದವರ ಜೊತೆಗೇ ಮುಗಿಸಿದೆ. ಕೆಲವರು ಗೊಣಗಿದರು ಕೂಡ, ಮೌಸಿನಲ್ಲಿ ಬೇಗ ಆಗುತ್ತಿತ್ತಲ್ವಾ ಅಂತ. ಆಗುತ್ತಿತ್ತು. ಅವರಿಗೆ.

ಅಗ್ನಿ ಸುರಕ್ಷತೆಯ ತರಬೇತಿಯ ಬಗ್ಗೆ ನಗಬೇಕೋ ಅಳಬೇಕೋ ತಿಳಿಯದು. ನಮ್ಮಲ್ಲಿ ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಅಣಕು ಕಾರ್ಯಾಚರಣೆಯ ದಿನ ಸೈರನ್ ಹೊಡೆದಾಗ ಅವರು ಶೌಚಾಲಯದಲ್ಲಿದ್ದರು. ಕಟ್ಟಡ ಖಾಲಿಯಾಯಿತು, ಕೆಳಗೆ ತಲೆ ಎಣಿಕೆ ನಡೆಯಿತು. ಅವರು ಹೊರಗೆ ಬಂದಾಗ ಮಹಡಿಯಲ್ಲಿ ಯಾರೂ ಇಲ್ಲ. ಎಲ್ಲರೂ ಊಟಕ್ಕೆ ಹೋದರು ಅಂದುಕೊಂಡರಂತೆ. ಮಿನುಗುವ ದೀಪದ ಅಲಾರಂ ಇದ್ದಿದ್ದರೆ ಮುಗಿದು ಹೋಗುತ್ತಿತ್ತು. ಇನ್ನೊಬ್ಬರು ಗಾಲಿಕುರ್ಚಿಯಲ್ಲಿ ಓಡಾಡುವವರು. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ ಅಂತ ತರಬೇತಿಯಲ್ಲಿ ಹೇಳಿದರು. ಅವರು ಕೈ ಎತ್ತಿ ಕೇಳಿದರು, "ಹಾಗಾದ್ರೆ ನಾನು?" ಅಧಿಕಾರಿಗಳಲ್ಲಿ ಉತ್ತರ ಇರಲಿಲ್ಲ. ಮೆಟ್ಟಿಲಿನ ಮೇಲೆ ಜಾರಿಸಿಕೊಂಡು ಇಳಿಸುವ ಕುರ್ಚಿಗಳು ಇವೆ. ಅವುಗಳನ್ನು ಹಿಡಿದು ಇಳಿಸಲು ಸಹೋದ್ಯೋಗಿಗಳು ಕಲಿಯಬೇಕು. ಅಂದರೆ ಇಲ್ಲಿ ತರಬೇತಿ ಬೇಕಾಗಿರುವುದು ಅವರಿಗಲ್ಲ, ಉಳಿದವರಿಗೆ.

ಕೆಲಸದಲ್ಲಿದ್ದಾಗಲೇ ಅಂಗವಿಕಲರಾಗುವವರ ಕತೆ ಬೇರೆ. ಅಪಘಾತ, ಮಧುಮೇಹ, ಪಾರ್ಶ್ವವಾಯು, ಯಾವುದೂ ಹೇಳಿ ಬರುವುದಿಲ್ಲ. ಇಲ್ಲಿ ಕಾನೂನು ಗಟ್ಟಿಯಾಗಿದೆ. ಸರ್ಕಾರಿ ಸಂಸ್ಥೆ ಅಂಥವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೇ ಕೆಲಸ ಆಗದಿದ್ದರೆ ಅದೇ ಸಂಬಳ, ಅದೇ ಸೌಲಭ್ಯದ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಸರಿಹೊಂದುವ ಹುದ್ದೆ ಸಿಗುವವರೆಗೋ ನಿವೃತ್ತಿಯವರೆಗೋ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. 1995ರ ಕಾಯ್ದೆಯಲ್ಲೂ ಇಂಥದೇ ಸೆಕ್ಷನ್ ಇತ್ತು. ಕರ್ತವ್ಯದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡ ಒಬ್ಬ ಕಾನ್‌ಸ್ಟೇಬಲ್‌ ಪರವಾಗಿ ಸುಪ್ರೀಂ ಕೋರ್ಟ್ 2003ರಲ್ಲಿ ಕುನಾಲ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು.

ಸರಿ, ಸಂಬಳ ಉಳಿಯಿತು. ಕೆಲಸ? ನನಗೆ ಪರಿಚಯದ ಒಬ್ಬರು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದರು. ಬಲಗೈ ಬೆರಳುಗಳು ಹೋದ ಮೇಲೆ ಅವರನ್ನು ಗೇಟಿನ ಹತ್ತಿರ ಮೇಜು ಹಾಕಿ ಕೂರಿಸಿದರು. ಮುಂದೆ ಒಂದು ರಿಜಿಸ್ಟರ್. ದಿನಕ್ಕೆ ಹತ್ತು ಸಾಲು ಬರೆದರೆ ಜಾಸ್ತಿ. ಮೈಕ್ರೊಮೀಟರ್ ಇಲ್ಲದೆಯೂ ಲೋಹದ ಅಳತೆ ಹೇಳುವ ಮನುಷ್ಯ ಅವರು. ಅವರಿಗೆ ಡ್ರಾಯಿಂಗ್ ಓದಿ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿದ್ದರೆ ಒಂದು ಕೈಯೇ ಸಾಕಿತ್ತು. ಯಾರಿಗೂ ತೋಚಲಿಲ್ಲ. ಪಾಪ, ಸಂಬಳ ಕೊಡ್ತಿದ್ದೀವಲ್ಲ ಅನ್ನುವ ಮಾತಿನಲ್ಲೇ ಎಲ್ಲ ಮುಗಿದುಹೋಯಿತು. ಕಾನೂನು ಅವರ ಕುರ್ಚಿಯನ್ನು ಕಾಪಾಡಿತು, ಕಸುಬನ್ನು ಕಾಪಾಡಲಿಲ್ಲ. ಹುದ್ದೆ ಬದಲಿಸುವ ಆದೇಶದ ಜೊತೆಗೇ ಆ ಹುದ್ದೆಗೆ ಬೇಕಾದ ತರಬೇತಿಯ ಆದೇಶವೂ ಹೊರಡಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹೇಗೆ ಕೇಳಬೇಕು ಅನ್ನುವುದಕ್ಕೆ ಬರುತ್ತೇನೆ. ಬಾಯಿಮಾತಿನಲ್ಲಿ ಕೇಳಬೇಡಿ. "ನೋಡೋಣ" ಅಂತಾರೆ, ನೋಡುವುದಿಲ್ಲ. ಬರೆದು ಕೊಡಿ, ಇಮೇಲ್ ಆದರೂ ಸರಿ. "ನನಗೆ ಅನುಕೂಲ ಮಾಡಿಕೊಡಿ" ಅಂತ ಬರೆದರೆ ಅವರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಇಂಥ ತರಬೇತಿ, ಇಂಥ ದಿನ, ನನಗೆ ಬೇಕಾಗಿರುವುದು ಇದು: ಪಠ್ಯ ರೂಪದ ಸ್ಲೈಡು ಎರಡು ದಿನ ಮುಂಚೆ, ಸನ್ನೆ ಭಾಷೆಯ ಇಂಟರ್‌ಪ್ರಿಟರ್, ನೆಲಮಹಡಿಯ ಕೋಣೆ, ಪರೀಕ್ಷೆಗೆ ಹೆಚ್ಚಿನ ಸಮಯ. ಹೀಗೆ ಬಿಡಿಸಿ ಬರೆಯಿರಿ. ನಿಮ್ಮ ಸಂಸ್ಥೆಯ ಸಮಾನ ಅವಕಾಶ ನೀತಿಯ ಆ ಸಾಲನ್ನೂ, 8ನೇ ನಿಯಮವನ್ನೂ ನಮೂದಿಸಿ. ಪ್ರತಿ ನಿಮ್ಮ ಹತ್ತಿರ ಇರಲಿ. ಸರ್ಕಾರಿ ಸಂಸ್ಥೆಯಾದರೆ ಕುಂದುಕೊರತೆ ಪರಿಹಾರ ಅಧಿಕಾರಿ ಇರಲೇಬೇಕು, ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಅಲ್ಲಿ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ. ಅಂಗವಿಕಲರ ರಾಜ್ಯ ಆಯುಕ್ತರಿಗೂ ಬರೆಯಬಹುದು.

ಖರ್ಚು ಜಾಸ್ತಿ ಆಗುತ್ತೆ ಅನ್ನುವ ಮಾತು ಬಂದೇ ಬರುತ್ತದೆ. ಸಂಸ್ಥೆಗೆ ಹೊರಲಾರದ ಹೊರೆ ಆದರೆ ಕೊಡಬೇಕಿಲ್ಲ ಅಂತ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ, ಆದ್ದರಿಂದ ಆ ಮಾತು ಎತ್ತುವವರು ಲೆಕ್ಕ ತೋರಿಸಲಿ. ಅಮೆರಿಕದಲ್ಲಿ ಜಾಬ್ ಅಕಾಮೊಡೇಷನ್ ನೆಟ್‌ವರ್ಕ್ ಅಂತ ಒಂದು ಸಲಹಾ ಸೇವೆ ಇದೆ. ಅವರು ಮಾಲೀಕರನ್ನೇ ಕೇಳಿ ನಡೆಸಿದ ಸಮೀಕ್ಷೆಗಳಲ್ಲಿ ಸುಮಾರು ಅರ್ಧದಷ್ಟು ಹೊಂದಾಣಿಕೆಗಳಿಗೆ ಒಂದು ಕಾಸೂ ಖರ್ಚಾಗಿಲ್ಲ. ನನಗೆ ಬೇಕಾದ ಸ್ಲೈಡಿಗೂ ಖರ್ಚಿಲ್ಲ. ಮಾಡಿದವರು ಸುಮ್ನೆ ಕಳಿಸಿದರೆ ಸಾಕು.

ಪಕ್ಕದ ಸೀಟಿನವರು ಮೌಸ್ ಹಿಡಿದು ನನ್ನ ಕೋರ್ಸು ಮುಗಿಸುವುದನ್ನು ಈಗ ಬೇಡ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ ಅಂತಲೂ ಹೇಳುತ್ತೇನೆ. ನನ್ನ ಹೆಸರಿನ ಮುಂದೆ "ಬಾಕಿ" ಅಂತ ಕೆಂಪಕ್ಷರದಲ್ಲಿ ಬರುತ್ತದಂತೆ, ಬರಲಿ. ಬಾಕಿ ಇದ್ದರೆ ಯಾಕೆ ಅಂತ ಮೇಲಿನವರು ಕೇಳುತ್ತಾರೆ. ಕೇಳಿದಾಗ ಪತ್ರದ ಪ್ರತಿ ಕೊಡುತ್ತೇನೆ. ಒಂದು ಕೋರ್ಸಿಗೆ ಹೀಗೇ ಪಠ್ಯ ರೂಪ ಬಂತು, ಎಳೆದು ಬಿಡುವ ಪರೀಕ್ಷೆಯ ಬದಲು ಆಯ್ಕೆ ಮಾಡುವ ಪ್ರಶ್ನೆಗಳು ಬಂದವು. ಅದರಲ್ಲಿ ನನಗೆ ಎಂಬತ್ತು ಬಂತು. ನಾನೇ ತೆಗೆದ ಎಂಬತ್ತು.

ಮುಂದಿನ ತಿಂಗಳು ಬಡ್ತಿಗೆ ಮುಂಚಿನ ತರಬೇತಿ ಇದೆ, ನನ್ನ ಹೆಸರೂ ಪಟ್ಟಿಯಲ್ಲಿದೆಯಂತೆ. ವೇಳಾಪಟ್ಟಿಯನ್ನು ಕಾಗದದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಎನ್‌ವಿಡಿಎ ಅದನ್ನು "ಗ್ರಾಫಿಕ್" ಅಂತ ಓದಿ ಸುಮ್ಮನಾಯಿತು. ಪತ್ರ ಬರೆದಿದ್ದೇನೆ.